ಕಂಬ ಹೋಗಿ ಪೀಠ ಉಳಿದ ದರ್ಬಾರು

ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಿದ್ದಿತ್ತು. ತಿದ್ದಿಸೋಕೆ ಬೀದರಿನ ಒಂದು ಕಚೇರಿಗೆ ಹೋಗಿದ್ದೆ. "ಸಾಹೇಬ್ರು ಮೀಟಿಂಗ್‌ನಾಗ ಅದಾರ್ರೀ, ಊಟ ಆದ್ಮ್ಯಾಲ ಬರ್ರಿ" ಅಂದರು. ಜೊತೆಗಿದ್ದ ಕಾಕಾ, "ಇಲ್ಲಿ ಸುಮ್ನೆ ಯಾಕ ಕೂಡೋದು, ಕಿಲ್ಲಾ ನೋಡಿ ಬರೋಣ ನಡಿ" ಅಂತ ಎಬ್ಬಿಸಿದರು.

ಕೋಟೆಗೆ ಬರುವವರು ಜಾಸ್ತಿ ಸೋಲಾ ಖಂಬ ಮಸೀದಿ ಮುಂದೆ ಫೋಟೊ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ನಾವು ದಿವಾನ್-ಎ-ಆಮ್ ಕಡೆ ಹೋದೆವು. ಬಹಮನಿ ಸುಲ್ತಾನರು ಜನರ ಅಹವಾಲು ಕೇಳುತ್ತಿದ್ದ ದರ್ಬಾರು ಅದು. ಜಾಲಿ ಮಹಲ್ ಅಂತಲೂ ಕರೆಯುತ್ತಾರೆ. ಸುಮಾರು 1430ರ ಹೊತ್ತಿಗೆ ಅಹಮದ್ ಶಾ ವಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಈ ಊರಿನ ಗತ್ತೇ ಬದಲಾಯಿತು. ಆಮೇಲೆ ಬರೀದ್ ಶಾಹಿಗಳು, ಮೊಘಲರು, ನಿಜಾಮರು. ಗುಲಾಂ ಯಜ್ದಾನಿಯವರು ನಿರ್ದೇಶಕರಾಗಿದ್ದ ಕಾಲದಲ್ಲಿ ನಿಜಾಮರ ಪುರಾತತ್ವ ಇಲಾಖೆ ಇಲ್ಲಿ ಬಿದ್ದಿದ್ದ ಕಲ್ಲು ಮಣ್ಣು ತೆಗೆಸಿತು.

ಒಳಗೆ ಮೇಲೆ ಬರೀ ಆಕಾಶ. ಕಂಬಗಳು ಮರದವು, ಒಂದೂ ಉಳಿದಿಲ್ಲ. ಅವನ್ನು ನಿಲ್ಲಿಸಿದ್ದ ಕಲ್ಲಿನ ಪೀಠಗಳು ಮಾತ್ರ ಸಾಲಾಗಿ ಇವೆ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ಬಣ್ಣದ ಟೈಲ್ಸ್ ಅಂಟಿಕೊಂಡಿವೆ. ಬಗ್ಗಿ ನೋಡಿದೆ. ನೀಲಿ ಇನ್ನೂ ಮಿರಮಿರ ಮಿಂಚುತ್ತಿತ್ತು. ಪಕ್ಕದ ತುಂಡು ಉದುರಿ ಬರೀ ಗಚ್ಚು ಕಾಣುತ್ತಿತ್ತು.

1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಬೀದರಿಗೆ ಬಂದಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲಿ ನೂರು ಕಾವಲುಗಾರರು, ನೂರು ಗುಮಾಸ್ತರು ಅಂತ ಬರೆದಿದ್ದಾನೆ. ಒಳಗೆ ಹೋದವರನ್ನು ಕೆಲವರು ಬರೆದುಕೊಂಡರೆ ಹೊರಗೆ ಬಂದವರನ್ನು ಇನ್ನು ಕೆಲವರು. ಪರದೇಶದವರಿಗಂತೂ ಒಳಗೆ ಪ್ರವೇಶವೇ ಇಲ್ಲ. ಇದನ್ನು ಹೇಳಿದ್ದಕ್ಕೆ ಕಾಕಾ, "ಅಂದ್ರ ರಿಜಿಸ್ಟರ್‌ದಾಗ ಸಹಿ ಮಾಡೋದು ಆವಾಗಿಂದನೂ ಅದ" ಅಂತ ನಕ್ಕರು.

ಆಮೇಲೆ ಅವರು ಹಿಂದಿನ ಗೋಡೆಯತನಕ ನಡೆದು ಹೋಗಿ, ಅಲ್ಲಿಂದ ಏನೋ ಅಂದರು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಆ ಕಾಲದಲ್ಲಿ ಬಾಗಿಲ ಹತ್ತಿರ ನಿಂತ ರೈತನ ಮಾತು ಸುಲ್ತಾನನ ಕಿವಿಗೆ ಬೀಳುತ್ತಿತ್ತಾ? ನನಗೇನೋ ನಂಬಿಕೆಯಿಲ್ಲ. ನಡುವೆ ನಿಂತವರು ಹೇಳಿದ್ದೇ ಅರ್ಜಿ ಆಗಿರಬೇಕು, ಅಲ್ವಾ?

ಕಾಲು ನೋವು ಅಂತ ಕಾಕಾ ಒಂದು ಪೀಠದ ಮೇಲೆ ಕೂತರು. ಕಾವಲಿನವನು ದೂರದಿಂದಲೇ ಸೀಟಿ ಊದಿದ. "ಮ್ಯಾಲ ಕೂಡಬ್ಯಾಡ್ರೀ!" ಅದು ಮಾತ್ರ ಈ ತುದಿಯಿಂದ ಆ ತುದಿಗೆ ಚೆನ್ನಾಗಿ ಕೇಳಿಸಿತು.