ನುಡಿಸುವುದು, ಬರೆಯುವುದು, ಕಲಿಸುವುದು: ಇವುಗಳಲ್ಲಿ ನಿಮ್ಮ ನಿಜವಾದ ವೃತ್ತಿ ಯಾವುದು?

ತಾಳವಾದ್ಯ ನುಡಿಸುತ್ತೇನೆ, ಸಂಗೀತ ಸಂಯೋಜಿಸುತ್ತೇನೆ, ಸಂಗೀತ ಕಲಿಸುತ್ತೇನೆ ಎಂದು ಪರಿಚಯ ಹೇಳಿಕೊಂಡ ಕೂಡಲೇ ಎದುರಿನವರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಇದೇ ದಾರಿ ಹಿಡಿಯಬೇಕೆಂದಿರುವ ಹುಡುಗ ಹುಡುಗಿಯರು ಅದನ್ನು ಸ್ವಲ್ಪ ತಿರುಗಿಸಿ, ಮೊದಲು ಯಾವುದರಲ್ಲಿ ಪಳಗಬೇಕು ಎಂದು ಕೇಳುತ್ತಾರೆ. ಮೊದಲು ನುಡಿಸುವುದರಲ್ಲಿ ಪಳಗಬೇಕು, ಉಳಿದೆರಡೂ ಅದರ ಒಳಗಿನಿಂದಲೇ ಹುಟ್ಟಬೇಕು ಎನ್ನುವುದು ನನ್ನ ಉತ್ತರ.

ಇದಕ್ಕೆ ಮೊದಲ ಕಾರಣ ಕೇಳುವ ಅವಕಾಶ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾದಲ್ಲಿ ತಾಳವಾದ್ಯದವರು ಸಾಮಾನ್ಯವಾಗಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ, ಅಲ್ಲಿ ನಿಂತು ನುಡಿಸುವುದಕ್ಕಿಂತ ಹೆಚ್ಚಾಗಿ ಎಣಿಸುತ್ತಾರೆ. ಚೆಕ್ ಸಂಯೋಜಕ ಡ್ವೋರ್ಷಾಕ್ 1893ರಲ್ಲಿ ಬರೆದು ಮುಗಿಸಿದ ಒಂಬತ್ತನೆಯ ಸಿಂಫನಿ ಸುಮಾರು ಮುಕ್ಕಾಲು ಗಂಟೆ ನಡೆಯುತ್ತದೆ; ಅದರಲ್ಲಿ ಸಿಂಬಲ್ ಎಂಬ ಕಂಚಿನ ತಟ್ಟೆಗಳಿಗೆ ಸಿಗುವುದು ಕೊನೆಯ ಭಾಗದ ಒಂದೇ ಒಂದು ಪೆಟ್ಟು, ಅದೂ ಅಬ್ಬರದ್ದಲ್ಲ. ಆ ಪೆಟ್ಟು ಜಾಗ ತಪ್ಪಬಾರದೆಂದರೆ ಬರಿಯ ಎಣಿಕೆಯನ್ನು ನಂಬಿಕೊಂಡರೆ ಸಾಲದು, ಬಸೂನ್ ಬಿಟ್ಟ ಎಳೆಯನ್ನು ವಯೋಲಾ ಎಲ್ಲಿ ಎತ್ತಿಕೊಂಡಿತು, ಹಾರ್ನ್‌ಗಳು ಯಾಕೆ ತಡೆದು ಬಂದವು ಎಂಬುದನ್ನೆಲ್ಲ ಕಿವಿಗೊಟ್ಟು ಕೇಳುತ್ತಿರಬೇಕು. ದೊಡ್ಡ ಕೃತಿಯೊಂದನ್ನು ಕಟ್ಟಿರುವ ಬಗೆ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಎರಡನೆಯ ಕಾರಣ ಕೃತಿಗಳ ಕೊರತೆ. ಪಿಟೀಲು ಕಲಿಯುವವರ ಮುಂದೆ ಶತಮಾನಗಳ ಸಂಗ್ರಹವಿದೆ. ತಾಳವಾದ್ಯಗಳನ್ನೇ ಮುಂದಿಟ್ಟುಕೊಂಡು ಬರೆದ ಪಾಶ್ಚಾತ್ಯ ಕಛೇರಿ ಸಂಗೀತದ ವಯಸ್ಸು ಹೆಚ್ಚುಕಡಿಮೆ ನೂರು ವರ್ಷ. ಹದಿಮೂರು ವಾದಕರಿಗಾಗಿ ಸಂಯೋಜಕ ಎಡ್ಗರ್ ವರೇಸ್ 1931ರಲ್ಲಿ ಮುಗಿಸಿದ ‘ಅಯನೈಸೇಷನ್’ ಆ ಪೈಕಿ ಮೊದಮೊದಲಿನದು. ಹೀಗಾಗಿ ನುಡಿಸುವವರೇ ಬರೆಯಬೇಕಾಗಿ ಬಂತು. ಮರದ ಪಟ್ಟಿಗಳನ್ನು ತಟ್ಟಿ ನುಡಿಸುವ ಮರಿಂಬಾದ ಜಪಾನೀ ವಾದಕಿ ಕೇಕೊ ಅಬೆ ತಾವೇ ಕೃತಿಗಳನ್ನು ಬರೆದರು, ಬೇರೆಯವರಿಂದ ಬರೆಸಿದರು, ಯಮಾಹಾ ಸಂಸ್ಥೆಯ ಜೊತೆಗೂಡಿ ವಾದ್ಯವನ್ನೇ ಐದು ಸ್ಥಾಯಿಗಳಿಗೆ ಹಿಗ್ಗಿಸಿದರು, ಜೊತೆಗೆ ಪಾಠವನ್ನೂ ಹೇಳಿದರು. ಜಾಝ್ ಡ್ರಮ್ಮರ್ ಆಗಿ ಆರಂಭಿಸಿದ ಮೈಕೆಲ್ ಕೋಲ್‌ಗ್ರಾಸ್ ಅವರಿಗೆ 1978ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದು ನಾಲ್ವರು ತಾಳವಾದಕರು ಮತ್ತು ಆರ್ಕೆಸ್ಟ್ರಾಕ್ಕಾಗಿ ಬರೆದ ಕೃತಿಗೆ. ಸ್ವರಲಿಪಿ ಬಾರದ ಮಕ್ಕಳೂ ಗೆರೆ, ಚಿತ್ರಗಳ ಮೂಲಕ ಸಂಗೀತ ಬರೆಯುವಂತೆ ಅವರು ಕಲಿಸಿದರು. ಇಂಥವರ ಮುಂದೆ ‘ಮೂರರಲ್ಲಿ ಯಾವುದು’ ಎಂಬ ಪ್ರಶ್ನೆಯೇ ನಿಲ್ಲುವುದಿಲ್ಲ.

ನುಡಿಸಿ ಗೊತ್ತಿರುವವರು ಬರೆದದ್ದಕ್ಕೂ ಗೊತ್ತಿಲ್ಲದವರು ಬರೆದದ್ದಕ್ಕೂ ಇರುವ ವ್ಯತ್ಯಾಸ ಹಾಳೆ ನೋಡಿದೊಡನೆ ತಿಳಿಯುತ್ತದೆ. ಗೊತ್ತಿಲ್ಲದವರು ಮರಿಂಬಾದ ಜಾತಿಯದೇ ಆದ ಝೈಲೋಫೋನ್ ಮೇಲೆ ಗಟ್ಟಿ ಮ್ಯಾಲೆಟ್ಟುಗಳಿಂದ, ಅಂದರೆ ಗುಂಡುತಲೆಯ ಬಡಿಗೆಗಳಿಂದ, ವೇಗದ ಸಾಲೊಂದನ್ನು ಕೊಟ್ಟು, ಅದು ಮುಗಿದ ಮರುಕ್ಷಣವೇ ಅದೇ ವಾದಕ ವೇದಿಕೆಯ ಆ ತುದಿಯ ಟ್ಯಾಮ್‌ಟ್ಯಾಮ್ ಎಂಬ ದೊಡ್ಡ ಜಾಗಟೆಯನ್ನು ಮೆತ್ತನೆಯ ಬಡಿಗೆಯಿಂದ ಮುಟ್ಟಬೇಕೆಂದು ಬರೆದಿರುತ್ತಾರೆ. ಕಂಪ್ಯೂಟರ್ ಅದನ್ನು ಸಲೀಸಾಗಿ ನುಡಿಸಿ ತೋರಿಸುತ್ತದೆ, ಏಕೆಂದರೆ ಅದಕ್ಕೆ ಕೈಯಲ್ಲಿರುವುದನ್ನು ಕೆಳಗಿಟ್ಟು ನಾಲ್ಕು ಹೆಜ್ಜೆ ನಡೆಯುವ ಕಷ್ಟವಿಲ್ಲ. ಸ್ವರದ ಉದ್ದದ ಕಥೆಯೂ ಹೀಗೆಯೇ: ಮರಿಂಬಾದ ಕೆಳಗಿನ ಪಟ್ಟಿಯನ್ನು ತಟ್ಟಿದರೆ ನಾದ ಒಂದಷ್ಟು ಹೊತ್ತು ತುಂಬಿಕೊಂಡಿರುತ್ತದೆ, ಮೇಲ್ತುದಿಯ ಪಟ್ಟಿಯ ನಾದ ತಟ್ಟಿದೊಡನೆ ಆರಿಹೋಗುತ್ತದೆ. ಅಲ್ಲಿ ನಾಲ್ಕು ಎಣಿಕೆಯ ಸ್ವರ ಬರೆದರೆ ಅದು ಕಾಗದದ ಮೇಲಷ್ಟೇ ಇರುತ್ತದೆ. ನಿಜವಾಗಿಯೂ ಅಷ್ಟುದ್ದ ಬೇಕೆಂದರೆ ಎರಡೂ ಕೈಗಳಿಂದ ಬಿಡದೆ ತಟ್ಟುವ ರೋಲ್ ಎಂದು ಗುರುತು ಹಾಕಬೇಕು, ಆಗ ಸ್ವರದ ಗುಣವೇ ಬೇರೆಯಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು, ಆದರೆ ಬರೆಯುವಾಗ ತಾನಾಗಿ ಕೈಗೆ ಬರಬೇಕಾದರೆ ವರ್ಷಗಟ್ಟಲೆ ತಟ್ಟಿರಬೇಕು.

ಇನ್ನು ಕಲಿಸುವುದು. ನುಡಿಸಲಾಗದವರು ಕಲಿಸುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಮಾತನ್ನು ಆಡುವವರು ಆರಂಭದ ಹಂತದ ಮಕ್ಕಳ ಗುಂಪೊಂದಕ್ಕೆ ಮೂರು ನಿಮಿಷದ ಕೃತಿ ಬರೆದು ನೋಡಲಿ. ಗುಂಪಿನಲ್ಲಿ ಒಬ್ಬಳಿಗೆ ನಾಲ್ಕು ಮ್ಯಾಲೆಟ್ ಹಿಡಿಯಲು ಬರುತ್ತದೆ, ಇನ್ನೊಬ್ಬನಿಗೆ ಲಯ ಕೆಡಿಸದೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹಾಕಲು ಮಾತ್ರ ಬರುತ್ತದೆ. ಆ ಒಂದೇ ಪೆಟ್ಟು ನಿಂತರೆ ಇಡೀ ಕೃತಿ ಕುಸಿಯುವಂತೆ ಬರೆದರೆ ಆ ಹುಡುಗನ ಭಾಗಕ್ಕೆ ನಿಜವಾದ ತೂಕ ಬರುತ್ತದೆ, ಸುಮ್ಮನೆ ತುಂಬಿಸಿದ ಭಾಗವಾದರೆ ಅದನ್ನು ಮೊದಲು ಪತ್ತೆ ಹಚ್ಚುವವನೂ ಅವನೇ. ಜರ್ಮನ್ ಸಂಯೋಜಕ ಕಾರ್ಲ್ ಓರ್ಫ್ 1924ರಲ್ಲಿ ಮ್ಯೂನಿಕ್‌ನಲ್ಲಿ ಶಾಲೆಯೊಂದರ ಸ್ಥಾಪನೆಯಲ್ಲಿ ಪಾಲ್ಗೊಂಡರು. ಅಲ್ಲಿನ ಕೆಲಸದಿಂದ ಬೆಳೆದ, ಮಕ್ಕಳಿಗೆ ಸಂಗೀತ ಕಲಿಸುವ ಪದ್ಧತಿಯಲ್ಲಿ ಝೈಲೋಫೋನಿನ ಪಟ್ಟಿಗಳನ್ನು ಬಿಡಿಬಿಡಿಯಾಗಿ ಕಳಚಿಡಬಹುದು. ಏಳು ಸ್ವರಗಳಲ್ಲಿ ಎಫ್ ಮತ್ತು ಬಿ ಸ್ವರಗಳ ಪಟ್ಟಿಗಳನ್ನು ತೆಗೆದಿಟ್ಟರೆ ಐದು ಸ್ವರಗಳು ಉಳಿಯುತ್ತವೆ, ಮಗು ಎಲ್ಲಿ ತಟ್ಟಿದರೂ ಕರ್ಕಶವಾಗುವುದಿಲ್ಲ. ಇದು ಬೋಧನೆಯೋ ಸಂಯೋಜನೆಯೋ ಎಂದು ಬೇರ್ಪಡಿಸಿ ಹೇಳಲು ನನಗೆ ಸಾಧ್ಯವಿಲ್ಲ.

ಜೀವನೋಪಾಯದ ಲೆಕ್ಕ ಚಿಕ್ಕದು. ತಿಂಗಳು ತಿಂಗಳು ಕೈಗೆ ಬರುವುದು ಪಾಠದ ಹಣ, ಕಾರ್ಯಕ್ರಮಗಳದ್ದು ಋತುಮಾನಕ್ಕೆ ತಕ್ಕಂತೆ, ಸಂಯೋಜನೆಯದ್ದು ಎಲ್ಲಕ್ಕಿಂತ ತಡವಾಗಿ ಮತ್ತು ಹೇಳದೆ ಕೇಳದೆ. ಹೊತ್ತಿನ ಹಂಚಿಕೆ ಇದಕ್ಕಿಂತ ಕಠಿಣ. ಅಭ್ಯಾಸವನ್ನು ಅರ್ಧರ್ಧ ಗಂಟೆಗಳಾಗಿ ತುಂಡು ಮಾಡಿಕೊಳ್ಳಬಹುದು, ಪಾಠಕ್ಕೆ ಗೊತ್ತಾದ ವೇಳೆಯಿದೆ, ಬರವಣಿಗೆಗೆ ಮಾತ್ರ ಯಾರೂ ಕರೆಯದ ಉದ್ದನೆಯ ಹೊತ್ತು ಬೇಕು, ಕೆಲಸ ಹೆಚ್ಚಾದಾಗ ಮೊದಲು ಕೈಬಿಟ್ಟುಹೋಗುವುದೂ ಅದೇ. ಆದ್ದರಿಂದ ಹೊಸ ವಿದ್ಯಾರ್ಥಿಗಳನ್ನು ಒಪ್ಪಿಕೊಳ್ಳುವ ಮೊದಲೇ ವಾರದಲ್ಲಿ ಬರೆಯುವ ಬೆಳಗುಗಳು ಯಾವುವು ಎಂದು ಗುರುತು ಹಾಕಿಟ್ಟು, ಉಳಿದ ವೇಳೆಯನ್ನಷ್ಟೇ ಪಾಠಕ್ಕೆ ಕೊಡಿ ಎಂದು ಕೇಳಿದವರಿಗೆ ಹೇಳುತ್ತೇನೆ.