ತೆರಿಗೆಯ ದರ ಸರಿಯಾಗಿತ್ತು, ಖಾತೆ ಮಾತ್ರ ಯಾರದೋ

ಗಂಗಾವತಿಯಲ್ಲಿ ತೆರಿಗೆ ಲೆಕ್ಕ ಬರೆಯುವವನಿಗೆ ಕ್ರಿಪ್ಟೊ ಕರೆನ್ಸಿಯ ಉಸಾಬರಿ ಏಕೆ ಎಂದು ಪರಿಚಯದವರು ಕೇಳುತ್ತಾರೆ. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಅಕ್ಕಿ ಗಿರಣಿಯವರು, ಅಡತಿ ಅಂಗಡಿಯವರು, ಶಾಲಾ ಶಿಕ್ಷಕರು ಜುಲೈ ತಿಂಗಳಲ್ಲಿ ರಿಟರ್ನ್ಸ್ ಸಲ್ಲಿಸಲು ತಂದುಕೊಡುವ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಒಳಗೇ ಅದು ಅಡಗಿ ಕುಳಿತಿರುತ್ತದೆ. ತುಂಗಭದ್ರಾ ಕಾಲುವೆಯ ಈ ಸೀಮೆಯಲ್ಲಿ ಭತ್ತ ಮಾರಿದ ಮೇಲೆ ಕೈಗೆ ಒಟ್ಟಿಗೆ ಹಣ ಬರುತ್ತದೆ. ಒಟ್ಟಿಗೆ ಹಣ ಬರುವ ಊರಿಗೆ ವಂಚಕರ ವಾಟ್ಸ್‌ಆ್ಯಪ್ ಸಂದೇಶವೂ ತಪ್ಪದೆ ಬರುತ್ತದೆ.

ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಲೆಕ್ಕ ಇಟ್ಟಿರುವ ರೈತರೊಬ್ಬರು ಬಂದು, "ಸರ್, ಕ್ರಿಪ್ಟೊ ಲಾಭಕ್ಕೆ ಮೂವತ್ತು ಪರ್ಸೆಂಟ್ ತೆರಿಗೆ ನಿಜವೇ?" ಎಂದು ಕೇಳಿದರು. ನಿಜ ಎಂದೆ. "ಹಾಗಾದರೆ ಸರಿ ಬಿಡಿ, ಕಟ್ಟಿಬಿಡುತ್ತೇನೆ" ಎಂದು ಎದ್ದೇ ಬಿಟ್ಟರು. ಎಲ್ಲಿಗೆ ಕಟ್ಟುತ್ತೀರಿ ಎಂದು ಕೇಳಿದ ಮೇಲೆ ಮೊಬೈಲ್ ತೆಗೆದು ತೋರಿಸಿದರು. ಕ್ರಿಪ್ಟೊ ಆ್ಯಪ್ ಒಂದಕ್ಕೆ ಹಾಕಿದ್ದು 6,20,000 ರೂಪಾಯಿ. ಆ್ಯಪ್‌ನಲ್ಲಿ ಕಾಣುತ್ತಿದ್ದದ್ದು 18,40,000. ಲಾಭ 12,20,000, ಅದಕ್ಕೆ ಶೇ 30ರಂತೆ 3,66,000 ರೂಪಾಯಿ ತೆರಿಗೆ. ಅದನ್ನು ಮೊದಲು ಜಮಾ ಮಾಡಿದರೆ ಮಾತ್ರ ಹಣ ಬಿಡುಗಡೆ ಎಂದು ಮೂರು ಸಿಂಹಗಳ ಲಾಂಛನವಿರುವ ಪತ್ರವೊಂದು ಬಂದಿತ್ತು.

ಗುಣಾಕಾರ ತಪ್ಪಿರಲಿಲ್ಲ. 2022ರ ಏಪ್ರಿಲ್ 1ರಿಂದ ದರ ಅಷ್ಟೇ ಇದೆ. ತೆರಿಗೆಯ ಮೇಲೆ ಶೇ 4ರ ಸೆಸ್ ಸೇರಿಸುವುದನ್ನು ಮಾತ್ರ ವಂಚಕರು ಮರೆತಿದ್ದರು. ನನ್ನ ಕಚೇರಿಯ ಹುಡುಗನಾಗಿದ್ದರೆ ಬೈಸಿಕೊಳ್ಳುತ್ತಿದ್ದ. ದರ ನಿಜವಾಗಿದ್ದರಿಂದಲೇ ಆ ಪತ್ರವನ್ನು ಅವರು ನಂಬಿದ್ದರು.

ಆದರೆ ತೆರಿಗೆ ಹೀಗೆ ಕಟ್ಟುವಂಥದ್ದಲ್ಲ. ಆದಾಯ ತೆರಿಗೆ ಹೋಗುವುದು ನಮ್ಮದೇ ಪ್ಯಾನ್ ಸಂಖ್ಯೆಯ ಮೇಲೆ, ಇಲಾಖೆಯ ಪೋರ್ಟಲ್‌ನ ಚಲನ್ ಮೂಲಕ, ನೇರವಾಗಿ ಸರ್ಕಾರಕ್ಕೆ. 2022ರ ಜುಲೈ 1ರಿಂದ ಕ್ರಿಪ್ಟೊ ಮಾರಾಟಕ್ಕೆ ಶೇ 1ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, ಕೂಡ ಇದೆ. ಅದನ್ನು ಮಾರಿದ ಹಣದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಹೊರಗಿನಿಂದ ತಂದು ಕಟ್ಟು ಎಂದು ಯಾರೂ ಹೇಳುವುದಿಲ್ಲ. ನಿಮ್ಮ 18 ಲಕ್ಷ ಅವರ ಕೈಯಲ್ಲೇ ಇದ್ದರೆ ಅದರಲ್ಲೇ ಮೂರೂವರೆ ಲಕ್ಷ ಹಿಡಿದುಕೊಳ್ಳಲು ಏನು ಅಡ್ಡಿ? ಈ ಪ್ರಶ್ನೆಯನ್ನು ಅಲ್ಲೇ ಚಾಟ್‌ನಲ್ಲಿ ಕೇಳಿಸಿದೆ. "ಕಂಪನಿಯ ನಿಯಮ" ಎಂದು ಉತ್ತರ ಬಂತು. ಆ ಪತ್ರದಲ್ಲಿ ಡಿನ್ ಎಂಬ ದಾಖಲೆ ಗುರುತಿನ ಸಂಖ್ಯೆಯೂ ಇರಲಿಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಲ್ಲಿ ಆ ಸಂಖ್ಯೆ ಇರುತ್ತದೆ; ಪೋರ್ಟಲ್‌ಗೆ ಲಾಗಿನ್ ಆಗದೆಯೂ ಅದು ಅಸಲಿಯೇ ಎಂದು ಯಾರು ಬೇಕಾದರೂ ನೋಡಬಹುದು.

ಇನ್ನು ಅವರ ಪಾಸ್‌ಬುಕ್. ಆ್ಯಪ್ ಒಂದೇ, ಕಂಪನಿ ಒಂದೇ. ಹಣ ಹೋದದ್ದು ಮಾತ್ರ ಪ್ರತಿಸಲವೂ ಹೊಸ ಹೆಸರಿಗೆ: ಒಮ್ಮೆ ಯಾವುದೋ ಟ್ರೇಡರ್ಸ್, ಒಮ್ಮೆ ಫ್ಯಾಷನ್ಸ್, ಮತ್ತೊಮ್ಮೆ ಯಾರೋ ವ್ಯಕ್ತಿಯ ಉಳಿತಾಯ ಖಾತೆ. ಕೆಂಪು ಪೆನ್ನಿನಿಂದ ಒಂದೊಂದಕ್ಕೂ ಗೆರೆ ಎಳೆದು ಅವರ ಮುಂದಿಟ್ಟೆ. "ಬಿಲ್ಲು ಒಂದು ಅಂಗಡಿಯದು ಕೊಟ್ಟು, ಹಣ ಇನ್ನೊಬ್ಬರಿಗೆ ಹಾಕಿ ಎಂದರೆ ನೀವು ಗೊಬ್ಬರ ಕೊಳ್ಳುತ್ತೀರಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ಪುಟ ತಿರುವಿದರು. ಆಮೇಲೆ, "ಮೊದಲ ಸಲ ಐದು ಸಾವಿರ ವಾಪಸ್ ಬಂದಿತ್ತಲ್ಲ ಸರ್?" ಎಂದರು. ಬಂದಿತ್ತು. ಕಳುಹಿಸಿದವರ ಹೆಸರಿನ ಮುಂದೆಯೂ ನಾನು ಗೆರೆ ಎಳೆದಿದ್ದೆ. ಅದೂ ಒಬ್ಬ ಅಪರಿಚಿತನ ಖಾತೆ. ಅಂಥ ಹಣ ಬಹುತೇಕ ಇನ್ನೊಬ್ಬ ಮೋಸಹೋದವನದೇ ಆಗಿರುತ್ತದೆ. ನಂಬಿಕೆ ಹುಟ್ಟಿಸಲು ಅವರು ಮಾಡುವ ಖರ್ಚು ಅಷ್ಟೇ.

ಅವರ ಪ್ಯಾನ್ ಮೇಲೆ ಕಡಿತವಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ಕೂಡ ತೆಗೆದು ನೋಡಿದೆವು. ಸಣ್ಣ ಮೊತ್ತಗಳನ್ನು ಬಿಟ್ಟರೆ, ದೇಶದ ವಿನಿಮಯ ಕೇಂದ್ರದಲ್ಲಿ (ಎಕ್ಸ್‌ಚೇಂಜ್) ಕ್ರಿಪ್ಟೊ ಮಾರಿದವರಿಗೆ ಅಲ್ಲಿ ಆ ಟಿಡಿಎಸ್‌ನ ಸೆಕ್ಷನ್ ಆದ 194ಎಸ್ ಎಂಬ ನಮೂದು ಕಾಣಬೇಕಿತ್ತು. ದಿನಕ್ಕೆ ಮೂರು ಸಲ ಕೊಂಡು ಮಾರಿದೆ ಎನ್ನುವ ಈ ರೈತರ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಅಲ್ಲಿ ವ್ಯಾಪಾರವೇ ನಡೆದಿರಲಿಲ್ಲ. ಆ್ಯಪ್‌ನಲ್ಲಿ ಏರುತ್ತಿದ್ದ ಅಂಕಿ ಯಾರೋ ಟೈಪ್ ಮಾಡಿದ ಅಂಕಿ. ಆ ಆ್ಯಪ್ ಕೂಡ ಪ್ಲೇ ಸ್ಟೋರ್‌ನಿಂದ ಬಂದದ್ದಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳುಹಿಸಿದ, ನೇರವಾಗಿ ಮೊಬೈಲ್‌ಗೆ ಹಾಕಿಕೊಳ್ಳುವ ಎಪಿಕೆ ಕಡತ.

2023ರ ಮಾರ್ಚ್‌ನಿಂದ ಕ್ರಿಪ್ಟೊ ವಿನಿಮಯ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಇದ್ದ ಮಾತ್ರಕ್ಕೆ ಹಣ ಭದ್ರ ಎಂದು ನಾನು ಯಾರಿಗೂ ಹೇಳುವುದಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಆದರೆ ಅಪಾಯವಿರುವ ವ್ಯವಹಾರ ಬೇರೆ, ವ್ಯವಹಾರವೇ ಇಲ್ಲದ ಮೋಸ ಬೇರೆ. ತಿಂಗಳಿಗೆ ಇಷ್ಟು ಖಚಿತ ಎಂಬ ಮಾತು ಎರಡನೆಯ ಜಾತಿಯದು. ಗೇನ್‌ಬಿಟ್‌ಕಾಯಿನ್ ಯೋಜನೆಯವರು 18 ತಿಂಗಳ ಕಾಲ ತಿಂಗಳಿಗೆ ಶೇ 10ರ ಆಸೆ ತೋರಿಸಿದ್ದರು. ಮೊದಲು ಬಿಟ್‌ಕಾಯಿನ್‌ನಲ್ಲೇ ಕೊಟ್ಟು, ಆಮೇಲೆ ತಮ್ಮದೇ ಎಂಕ್ಯಾಪ್ ಎಂಬ ನಾಣ್ಯ ಹಂಚಿದರು. ಅದರ ಸೂತ್ರಧಾರ ಅಮಿತ್ ಭಾರದ್ವಾಜ್ 2018ರಲ್ಲಿ ಬಂಧನಕ್ಕೊಳಗಾದ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಖಾತೆ ಬಾಡಿಗೆಯ ದಂಧೆ. ಆ ಟ್ರೇಡರ್ಸ್, ಫ್ಯಾಷನ್ಸ್‌ಗಳ ಹಿಂದೆ ಇರುವವರು ನಮ್ಮ ಹಾಗೆಯೇ ಸಣ್ಣ ಊರುಗಳ ಹುಡುಗರು. "ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ಕಮಿಷನ್ ತೆಗೆದುಕೋ" ಎಂದರೆ ಕೊಟ್ಟುಬಿಡುತ್ತಾರೆ. ಮೊದಲು ಬ್ಯಾಂಕು ಖಾತೆಯನ್ನು ಸ್ಥಗಿತಗೊಳಿಸುತ್ತದೆ, ನಂತರ ಬೇರೆ ರಾಜ್ಯದ ಪೊಲೀಸರ ನೋಟಿಸ್ ಬರುತ್ತದೆ, ಅದರ ಹಿಂದೆಯೇ ಇಷ್ಟು ಹಣ ಎಲ್ಲಿಂದ ಬಂತು ಎಂದು ತೆರಿಗೆ ಇಲಾಖೆ ಕೇಳುತ್ತದೆ. ಆಗ ಅಪ್ಪನ ಕೈಹಿಡಿದುಕೊಂಡು ನನ್ನ ಕಚೇರಿಗೆ ಬರುತ್ತಾರೆ. ಖಾತೆ ನಿನ್ನದು, ಪ್ಯಾನ್ ನಿನ್ನದು. ಹಣ ನಿನ್ನದಲ್ಲ ಎಂಬುದನ್ನು ನೀನೇ ಸಾಬೀತುಪಡಿಸಬೇಕು ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಾಗುವುದಿಲ್ಲ.

ಆ ರೈತರು 3,66,000 ಕಟ್ಟಲಿಲ್ಲ. ಕಚೇರಿಯಲ್ಲೇ ಕುಳಿತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಬ್ಯಾಂಕ್ ಹೆಸರು, ಪ್ರತಿ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ, ದಿನಾಂಕ, ಮೊತ್ತ ಎಲ್ಲವನ್ನೂ ಕೇಳುತ್ತಾರೆ; ಕೆಂಪು ಗೆರೆ ಎಳೆದ ಪುಟ ಅಲ್ಲಿ ಕೆಲಸಕ್ಕೆ ಬಂತು. ಕೊನೆಯ ಬಾರಿ ಕಳುಹಿಸಿದ ಹಣದಲ್ಲಿ ಒಂದಿಷ್ಟು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲ್ಪಟ್ಟಿತು. ಹಳೆಯದು ಹೋದಂತೆಯೇ. ಆ ನಷ್ಟವನ್ನು ರಿಟರ್ನ್ಸ್‌ನಲ್ಲಿ ತೋರಿಸಿ ಬೇರೆ ಆದಾಯದಲ್ಲಿ ಕಳೆಯಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ನಿಜವಾದ ಕ್ರಿಪ್ಟೊ ನಷ್ಟಕ್ಕೂ ಕಾನೂನು ಆ ಅವಕಾಶ ಕೊಟ್ಟಿಲ್ಲ.

ಕೆಲವು ವಾರಗಳ ನಂತರ ಅವರಿಗೆ ಮತ್ತೊಂದು ಕರೆ ಬಂತು. ಸೈಬರ್ ವಿಭಾಗದವರೆಂದು ಹೇಳಿಕೊಂಡು, ಕಳೆದ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಸಂಸ್ಕರಣಾ ಶುಲ್ಕ ಕಟ್ಟಿ ಎಂದರಂತೆ. "ಅದರಲ್ಲೇ ಹಿಡಿದುಕೊಂಡು ಉಳಿದದ್ದು ಕಳುಹಿಸಿ ಎಂದೆ ಸರ್, ಕರೆ ಕಡಿದರು" ಎಂದು ನನಗೆ ಫೋನಿನಲ್ಲಿ ಹೇಳಿದರು. ಆ ಸಂಖ್ಯೆಯನ್ನೂ ಹಳೆಯ ದೂರಿಗೆ ಸೇರಿಸಲು ಹೇಳಿದ್ದೇನೆ.