ನಿನಗೆ ಶಿಳ್ಳೆ ಹೊಡೆಯೋಕೆ ಬರುತ್ತಾ?

ಜನವರಿ 31 ಸಂತ ಜಾನ್ ಬೋಸ್ಕೊ ಅವರ ಹಬ್ಬ. 1888ರಲ್ಲಿ ಇದೇ ದಿನ ಬೆಳಗಿನ ಜಾವ, ಇಟಲಿಯ ಟ್ಯೂರಿನ್ ನಗರದಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಡಾನ್ ಬೋಸ್ಕೊ (ಡಾನ್ ಅಂದರೆ ಇಟಲಿಯಲ್ಲಿ ಪಾದ್ರಿಗಳನ್ನು, ಅಂದರೆ ನಾವು ಗುರುಗಳು ಅನ್ನುವವರನ್ನು, ಗೌರವದಿಂದ ಕರೆಯುವ ಮಾತು) ಅನ್ನೋ ಹೆಸರು ಶಾಲೆಯ ಬೋರ್ಡಿನ ಮೇಲೆ ನೋಡಿದವರು ಜಾಸ್ತಿ, ಆ ಗುರುಗಳು ಏನು ಮಾಡಿದರು ಅಂತ ಗೊತ್ತಿರುವವರು ಕಡಿಮೆ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನವೇನ ಇರುತ್ತದೆ. ಆ ಒಂಬತ್ತೂ ದಿನ ನಾನು ಅವರ ಬದುಕಿನ ಒಂದೇ ಒಂದು ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾರ್ಥನೆ ಮಾಡುತ್ತೇನೆ. ಅದನ್ನೇ ಇಲ್ಲಿ ಹೇಳಬೇಕು ಅನಿಸಿತು.

1841ರ ಡಿಸೆಂಬರ್ 8. ಮಾತೆ ಮರಿಯಮ್ಮನವರ ಹಬ್ಬ. ಅದೇ ವರ್ಷ ಜೂನ್‌ನಲ್ಲಿ ಗುರುವಾದ 26 ವರ್ಷದ ಜಾನ್ ಬೋಸ್ಕೊ, ಟ್ಯೂರಿನ್‌ನ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚಿನಲ್ಲಿ ಪೂಜೆಗೆ ತಯಾರಾಗುತ್ತಿದ್ದರು. ಗುರುಗಳು ಪೂಜೆಯ ಬಟ್ಟೆ ಹಾಕಿಕೊಳ್ಳುವ ಆ ಕೋಣೆಯ ಮೂಲೆಯಲ್ಲಿ ಒಬ್ಬ ಹುಡುಗ ಸುಮ್ನೆ ನಿಂತಿದ್ದ. ಚರ್ಚ್ ನೋಡಿಕೊಳ್ಳುವವನು ಬಂದು, ಪೂಜೆಗೆ ಸಹಾಯ ಮಾಡು ಅಂದ. ನನಗೆ ಬರಲ್ಲ ಅಂದ ಹುಡುಗ. ಬರಲ್ಲ ಅಂದಮೇಲೆ ಇಲ್ಲಿಗೆ ಯಾಕೆ ಬಂದೆ ಅಂತ ಬೈದು, ಕೋಲು ತಗೊಂಡು ಹೊಡೆದು ಓಡಿಸಿದ. ಬೋಸ್ಕೊ ಅವರು ಅಲ್ಲಿಂದಲೇ ಕೂಗಿದರು. ಅವನನ್ನು ಯಾಕೆ ಹೊಡೀತೀಯ? ಅವನು ನನ್ನ ಸ್ನೇಹಿತ, ಈಗಲೇ ವಾಪಸ್ ಕರೆದುಕೊಂಡು ಬಾ.

ಆ ಹುಡುಗನನ್ನು ಅವರು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಹೆದರಿಕೊಂಡೇ ವಾಪಸ್ ಬಂದವನನ್ನು ಪೂಜೆ ಮುಗಿದ ಮೇಲೆ ಪಕ್ಕ ಕೂರಿಸಿಕೊಂಡು ಮಾತಾಡಿಸಿದರು. ಹೆಸರೇನು? ಬಾರ್ತೊಲೊಮೆಯೊ ಗರೆಲ್ಲಿ. ಯಾವೂರು? ಆಸ್ತಿ ಅನ್ನೋ ಊರು. ಅಪ್ಪ ಇದ್ದಾರಾ? ಇಲ್ಲ, ಸತ್ತುಹೋದರು. ಅಮ್ಮ? ಅವರೂ ಇಲ್ಲ. ವಯಸ್ಸು? ಹದಿನಾರು. ಓದೋಕೆ ಬರೆಯೋಕೆ ಬರುತ್ತಾ? ಏನೂ ಬರಲ್ಲ. ಕೇಳಿದ್ದಕ್ಕೆಲ್ಲ ಇಲ್ಲ, ಬರಲ್ಲ ಅನ್ನೋದೇ ಉತ್ತರ. ಆಗ ಬೋಸ್ಕೊ ಕೇಳಿದರಂತೆ: ಹಾಡೋಕೆ ಬರುತ್ತಾ? ಇಲ್ಲ. ಶಿಳ್ಳೆ ಹೊಡೆಯೋಕೆ ಬರುತ್ತಾ? ಹುಡುಗ ನಕ್ಕುಬಿಟ್ಟ. (ಈ ಶಿಳ್ಳೆಯ ಮಾತು ಅವರು ತಾವೇ ಬರೆದಿಟ್ಟ ನೆನಪುಗಳಲ್ಲಿ ಇಲ್ಲ, ಆಮೇಲೆ ಅವರ ಜೀವನ ಬರೆದವರು ದಾಖಲಿಸಿದ್ದು. ಆದರೆ ಬೋಸ್ಕೊ ಎಂಥವರು ಅಂತ ಗೊತ್ತಿರುವ ಯಾರಿಗೂ ಇದು ಹೊಸದು ಅನಿಸುವುದಿಲ್ಲ.)

ಅಪ್ಪ ಇಲ್ಲ, ಅಮ್ಮ ಇಲ್ಲ, ಅಕ್ಷರ ಇಲ್ಲ ಅಂತ ತನ್ನಲ್ಲಿ ಇಲ್ಲದ್ದನ್ನೇ ಒಂದೊಂದಾಗಿ ಒಪ್ಪಿಕೊಳ್ಳುತ್ತಾ ಕೂತ ಹುಡುಗನಿಗೆ, ಹೌದು ಇದು ನನಗೆ ಬರುತ್ತದೆ ಅನ್ನೋಕೆ ಸಾಧ್ಯವಾಗುವ ಒಂದು ಪ್ರಶ್ನೆ ಸಿಗುವವರೆಗೂ ಈ ಗುರುಗಳು ಕೇಳುತ್ತಲೇ ಹೋದರು. ನನ್ನ ಭಕ್ತಿಯೆಲ್ಲ ಇಲ್ಲಿ ನಿಂತಿದೆ. ನಮ್ಮ ಪ್ರಭು ಮಾಡಿದ್ದೂ ಇದನ್ನೇ ಅಲ್ವಾ? ಬಾವಿಯ ಹತ್ತಿರ ಸಿಕ್ಕ ಸಮಾರ್ಯದ ಹೆಣ್ಣುಮಗಳಿಗೆ ಯೇಸು ಮೊದಲು ಬುದ್ಧಿ ಹೇಳಲಿಲ್ಲ, ಕುಡಿಯೋಕೆ ನೀರು ಕೊಡು ಅಂದರು. ಅವಳ ಕೈಯಲ್ಲಿ ಆಗುವಂಥದ್ದನ್ನು ಕೇಳಿದರು. ಮಿಕ್ಕ ಮಾತೆಲ್ಲ ಆಮೇಲೆ.

ಗರೆಲ್ಲಿ ಹೇಳಿದ ಇನ್ನೊಂದು ಮಾತು ನನ್ನನ್ನು ಬಿಡುವುದಿಲ್ಲ. ಧರ್ಮೋಪದೇಶದ ತರಗತಿಗೆ ಯಾಕೆ ಹೋಗಲ್ಲ ಅಂದಿದ್ದಕ್ಕೆ ಅವನು, ನನಗಿಂತ ಚಿಕ್ಕ ಹುಡುಗರಿಗೆ ಎಲ್ಲ ಗೊತ್ತು, ನನಗೆ ಏನೂ ಗೊತ್ತಿಲ್ಲ, ನಾಚಿಕೆ ಆಗುತ್ತೆ ಅಂದ. ದೇವರ ಮೇಲೆ ಸಿಟ್ಟಿಲ್ಲ, ಚರ್ಚ್ ಬೇಡ ಅಂತಲೂ ಇಲ್ಲ. ಬರೀ ನಾಚಿಕೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ನೆಂಟರ ಮದುವೆಗೆ ಹೋಗೋದನ್ನು ಬಿಡುತ್ತಾನೆ. ಕೆಲಸ ಕಳೆದುಕೊಂಡವನು ಸ್ನೇಹಿತರ ಫೋನ್ ಎತ್ತುವುದಿಲ್ಲ. ಕುಡಿತಕ್ಕೆ ಬಿದ್ದವನು ಭಾನುವಾರದ ಪೂಜೆಗೆ ಬಂದರೂ ಹೊರಗಡೆ ಗೇಟಿನ ಹತ್ತಿರವೇ ನಿಲ್ಲುತ್ತಾನೆ. ಅವರಿಗೆ ನಂಬಿಕೆ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ನಾನು ನೋಡಿದ ಮಟ್ಟಿಗೆ ತುಂಬ ಜನರನ್ನು ಒಳಗೆ ಬರದಂತೆ ತಡೆಯುವುದು ಈ ನಾಚಿಕೆಯೇ.

ಬೋಸ್ಕೊ ಏನಂದರು ಗೊತ್ತಾ? ನಿನಗೊಬ್ಬನಿಗೇ ಬೇರೆಯಾಗಿ ಹೇಳಿಕೊಟ್ಟರೆ ಬರ್ತೀಯಾ? ಹೊಡೆಯಲ್ಲ ಅಂದ್ರೆ ಬರ್ತೀನಿ. ಯಾರೂ ಹೊಡೆಯಲ್ಲ, ನೀನೀಗ ನನ್ನ ಸ್ನೇಹಿತ. ಯಾವಾಗ ಶುರು ಮಾಡೋಣ, ಈಗಲೇ? ಈಗಲೇ. ಮೊದಲು ಮರಿಯಮ್ಮನವರಿಗೆ ಒಂದು ನಮೋ ಮರಿಯ ಪ್ರಾರ್ಥನೆ ಹೇಳಿದರು, ಆಮೇಲೆ ಶಿಲುಬೆಯ ಗುರುತು ಹಾಕೋದನ್ನು ಕಲಿಸಿದರು. ಮುಂದೆ ಭಾನುವಾರಗಳಲ್ಲಿ ಅವನ ಜೊತೆ ಬೇರೆ ಹುಡುಗರೂ ಬರತೊಡಗಿದರು. ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿರುವ, ಅವರೇ ಮುಂದೆ ಕಟ್ಟಿದ ಸಲೇಸಿಯನ್ ಸಭೆ ಅನ್ನೋ ಗುರುಗಳ ಸಂಘದ ಸೇವೆಗೆಲ್ಲ ಬೋಸ್ಕೊ ಇಟ್ಟ ಮೊದಲ ಹೆಜ್ಜೆ ಈ ಒಂದು ನಮೋ ಮರಿಯ.

ಅವರಿಗೆ ಈ ಮನಸ್ಸು ಸುಮ್ನೆ ಬಂದಿದ್ದಲ್ಲ. ಎರಡು ವರ್ಷ ತುಂಬುವ ಮುಂಚೆಯೇ ಅಪ್ಪನನ್ನು ಕಳೆದುಕೊಂಡವರು. ಓದೋಕೆ ಆಸೆಯಿದ್ದರೂ ಮನೆಯ ಜಗಳದಿಂದ ಊರು ಬಿಟ್ಟು ಬೇರೆಯವರ ಹೊಲದಲ್ಲಿ ಆಳಾಗಿ ದುಡಿದವರು. ಡಾನ್ ಕಲೋಸೊ ಅನ್ನೋ ವಯಸ್ಸಾದ ಗುರುಗಳೊಬ್ಬರು ದಾರಿಯಲ್ಲಿ ಮಾತಾಡಿಸಿ, ಮನೆಗೆ ಕರೆದು ಪಾಠ ಹೇಳಿಕೊಟ್ಟರು. ಸ್ವಲ್ಪ ಕಾಲದಲ್ಲೇ ಅವರೂ ತೀರಿಹೋದರು. ಗುರುವಾದ ಮೇಲೆ ಟ್ಯೂರಿನ್‌ನ ಜೈಲುಗಳಿಗೆ ಹೋದಾಗ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಹುಡುಗರು ಕೊಳೆಯುತ್ತಾ ಬಿದ್ದಿದ್ದನ್ನು ನೋಡಿದರು. ಬಿಡುಗಡೆಯಾಗಿ ಹೋದವರು ಮತ್ತೆ ವಾಪಸ್ ಬರುತ್ತಿದ್ದರು. ಹೊರಗಡೆ ಇವರಿಗೆ ಒಬ್ಬ ಸ್ನೇಹಿತ ಇದ್ದಿದ್ದರೆ ಇಲ್ಲಿಗೆ ಬರುತ್ತಿದ್ದರಾ ಅಂತ ಅವರು ತಮ್ಮನ್ನೇ ಕೇಳಿಕೊಂಡರು.

ಅದಕ್ಕೇ ಅವರು ಚರ್ಚಿನಲ್ಲಿ ಕೂತು ಕಾಯಲಿಲ್ಲ. ವಾರವಿಡೀ ಹುಡುಗರು ಗಾರೆ ಹೊರುವ ಕಡೆ, ಕಾರ್ಖಾನೆಗಳ ಕಡೆ ತಾವೇ ಹೋಗಿ ಮಾತಾಡಿಸುತ್ತಿದ್ದರು. 1852ರಲ್ಲಿ ಅವರು ಒಬ್ಬ ಹುಡುಗನ ಪರವಾಗಿ ಬಡಗಿಯೊಬ್ಬರ ಜೊತೆ ಮಾಡಿಸಿದ ಒಪ್ಪಂದದ ಕಾಗದ ಈಗಲೂ ಉಳಿದಿದೆ. ತಪ್ಪು ಮಾಡಿದರೆ ಮಾತಲ್ಲಿ ತಿದ್ದಬೇಕು, ಹೊಡೆಯಬಾರದು, ಹಬ್ಬ ಮತ್ತು ಭಾನುವಾರ ರಜೆ ಕೊಡಬೇಕು ಅಂತ ಅದರಲ್ಲಿ ಬರೆದಿದೆ. ಪ್ರಾರ್ಥನೆ ಹೇಳಿಕೊಟ್ಟ ಕೈಯೇ ಈ ಕಾಗದಕ್ಕೂ ಸಹಿ ಹಾಕಿತು. ನನಗೆ ಇದೂ ಒಂದು ಪ್ರಾರ್ಥನೆಯೇ.

1846ರ ಜುಲೈನಲ್ಲಿ ಬೋಸ್ಕೊ ಅವರಿಗೆ ಕಾಯಿಲೆ ಬಂದು ಉಳಿಯುವುದೇ ಕಷ್ಟ ಅನ್ನುವಂತಾಯಿತು. ಆಗ ಈ ಹುಡುಗರು, ದಿನವೆಲ್ಲ ಬಿಸಿಲಲ್ಲಿ ಕಲ್ಲು ಇಟ್ಟಿಗೆ ಹೊರುತ್ತಿದ್ದವರು, ಉಪವಾಸ ಮಾಡಿದರು, ಹರಕೆ ಹೊತ್ತರು, ಟ್ಯೂರಿನ್‌ನ ಕನ್ಸೊಲಾತ ಮಾತೆಯ (ಮರಿಯಮ್ಮನವರ) ಚರ್ಚಿನಲ್ಲಿ ಸರದಿಯ ಮೇಲೆ ಮಂಡಿಯೂರಿ ಬೇಡಿಕೊಂಡರು. ಗುಣವಾಗಿ ಎದ್ದು ಬಂದ ಬೋಸ್ಕೊ, ನನ್ನ ಜೀವ ನೀವು ಕೊಟ್ಟಿದ್ದು, ಇನ್ನು ಮುಂದೆ ಅದು ನಿಮಗೇ ಅಂದರು. ಸೇವೆ ಅನ್ನುವಾಗ ನಾವು ಕೊಡುವವರು, ಅವರು ತಗೊಳ್ಳುವವರು ಅಂದುಕೊಳ್ಳುತ್ತೇವೆ. ಇಲ್ಲಿ ತಗೊಂಡವರು ಯಾರು ಹೇಳಿ?

ಎಲ್ಲರೂ ಗರೆಲ್ಲಿಯ ಹಾಗೆ ಹೆದರಿದವರಲ್ಲ. 1857ರಲ್ಲಿ ಕಾರ್ಮಾನ್ಯೋಲ ಅನ್ನೋ ಊರಿನ ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕ ಮಿಕೇಲೆ ಮಗೋನೆ ಪುಂಡ ಹುಡುಗರ ನಾಯಕ. ಬೋಸ್ಕೊ ಹತ್ತಿರ ಬಂದಾಗ ಮಿಕ್ಕವರು ಓಡಿದರು, ಇವನು ಎದೆ ಕೊಟ್ಟು ನಿಂತ. ಅವನಿಗೂ ಅಪ್ಪ ಇರಲಿಲ್ಲ. ಬೋಸ್ಕೊ ಅವನನ್ನು ಟ್ಯೂರಿನ್‌ಗೆ ಕರೆಸಿಕೊಂಡರು. ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವನು ಸ್ವಲ್ಪ ದಿನದಲ್ಲೇ ಮಂಕಾಗಿ ಒಬ್ಬನೇ ಕೂತು ಅಳತೊಡಗಿದ. ಗಮನಿಸಿದ ಬೋಸ್ಕೊ ಹತ್ತಿರ ಕರೆದು ವಿಚಾರಿಸಿದರು. ಮನಸ್ಸಿನಲ್ಲಿದ್ದ ಭಾರವನ್ನು ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ತಪ್ಪು ಹೇಳಿಕೊಂಡು, ಇಳಿಸಿದ ಮೇಲೆ ಹುಡುಗ ಮತ್ತೆ ಮೊದಲಿನ ಹಾಗೆ ಕುಣಿದ. ನೂರಾರು ಹುಡುಗರ ಗದ್ದಲದಲ್ಲಿ ಒಬ್ಬ ಮಂಕಾಗಿದ್ದು ಕಣ್ಣಿಗೆ ಬೀಳಬೇಕಾದರೆ, ದಿನಾ ಅವರ ಮಧ್ಯೆಯೇ ಇರಬೇಕು. 1884ರಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ ಬೋಸ್ಕೊ ಇದನ್ನೇ ಹೇಳುತ್ತಾರೆ: ಹುಡುಗರನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು.

ಬೆಂಗಳೂರಿನಲ್ಲಿ ಈ ಕೆಲಸ 1980ರಲ್ಲಿ ಶುರುವಾಯಿತು. ಗುರುಗಳಾಗಲು ಓದುತ್ತಿದ್ದ ಸಲೇಸಿಯನ್ ಯುವಕರು ರಸ್ತೆಯಲ್ಲಿ ಬದುಕುತ್ತಿದ್ದ ಮಕ್ಕಳ ಹತ್ತಿರ ಹೋಗಿ ಕೂತು ಮಾತಾಡತೊಡಗಿದರು, ಅದೇ ಬೆಂಗಳೂರು ಓಣಿಯವರ ಸೇವಾ ಕೂಟವಾಗಿ ಬೆಳೆಯಿತು. ಮನೆ ಬಿಟ್ಟು ಬಂದ ಹುಡುಗ ಮೆಜೆಸ್ಟಿಕ್‌ನಲ್ಲಿ ರೈಲು ಇಳಿದಾಗ ಅವನನ್ನು ಮೊದಲು ಮಾತಾಡಿಸುವವರು ಯಾರು ಅನ್ನೋದರ ಮೇಲೆ ಅವನ ಮುಂದಿನ ಬದುಕು ನಿಂತಿರುತ್ತದೆ. ಕೆಲಸ ಕೊಡಿಸ್ತೀನಿ ಅನ್ನೋ ದಲ್ಲಾಳಿಯೂ ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಇರುತ್ತಾನೆ. ಅವನೂ ಹೆಸರು ಕೇಳುತ್ತಾನೆ, ಊಟ ಆಯ್ತಾ ಅನ್ನುತ್ತಾನೆ. ಅದಕ್ಕೇ ಯೇಸುವಿನ ಹೆಸರಿನಲ್ಲಿ ಹೋಗುವವರು ಅವನಿಗಿಂತ ಮೊದಲು ಅಲ್ಲಿರಬೇಕು ಅಂತ ನಾನು ಬೇಡಿಕೊಳ್ಳುವುದು.

ಒಂದು ಮಾತು ನೇರವಾಗಿ ಹೇಳಬೇಕು. ಕ್ರೈಸ್ತರು ಬಡ ಮಕ್ಕಳ ಹತ್ತಿರ ಹೋದರೆ ಮತಾಂತರಕ್ಕೇ ಅಂತ ಅನುಮಾನ ಪಡುವವರು ಇದ್ದಾರೆ. ಗಾಳಕ್ಕೆ ಸಿಕ್ಕಿಸಿದ ಹುಳುವಿನ ಹಾಗೆ ಪ್ರೀತಿಯನ್ನು ಬಳಸಿದರೆ ಅದು ಪ್ರಭುವಿಗೇ ಮಾಡುವ ಅವಮಾನ, ನಾನು ಅದನ್ನು ಒಪ್ಪುವುದಿಲ್ಲ. ಮಲ್ಲಿಕಾರ್ಜುನನೋ ಇಮ್ರಾನನೋ ಆಂಥೋನಿಯೋ, ಅನ್ನ ಒಂದೇ, ಹಾಸಿಗೆ ಒಂದೇ, ಪಕ್ಕ ಕೂತು ಕೇಳುವ ಕಿವಿಯೂ ಒಂದೇ ಆಗಿರಬೇಕು. ಇಂಥ ಒಂದು ಮಗುವನ್ನು ನನ್ನ ಹೆಸರಿನಲ್ಲಿ ಬರಮಾಡಿಕೊಂಡವರು ನನ್ನನ್ನೇ ಬರಮಾಡಿಕೊಂಡ ಹಾಗೆ ಅಂದರು ಯೇಸು. ಯಾವ ಜಾತಿಯ, ಯಾವ ಧರ್ಮದ ಮಗು ಅಂತ ಅಲ್ಲಿ ಹೇಳಿಲ್ಲ.

ನವೇನ ಜನವರಿ 22ಕ್ಕೆ ಶುರುವಾಗುತ್ತದೆ. ಕ್ಯಾಂಡಲ್ ಹಚ್ಚಿ, ಜಪಸರ ಹೇಳಿ, ಜೊತೆಗೆ ಈ ಸಲ ಇದೊಂದು ಹರಕೆ ಹೊತ್ತುಕೊಳ್ಳೋಣ ಅಂತ ನಮ್ಮ ಧರ್ಮಕೇಂದ್ರದ ಯುವಕರಿಗೆ ಹೇಳಿದ್ದೇನೆ: ಗೇಟಿನ ಹತ್ತಿರ ನಿಲ್ಲುವ ಒಬ್ಬನ ಹೆಸರು ಕೇಳಿ ತಿಳಿದುಕೊಳ್ಳಿ, ಮುಂದಿನ ವಾರ ಆ ಹೆಸರು ಹಿಡಿದು ಕರೆಯಿರಿ, ಅವನು ಬರದಿದ್ದರೆ ಮನೆ ಹತ್ತಿರ ಹೋಗಿ. ಹಬ್ಬದ ದಿನ ಸಂಜೆ ಪೂಜೆ ಆದ ಮೇಲೆ ಮೈದಾನದಲ್ಲಿ ವಾಲಿಬಾಲ್ ಇದೆ, ಆಮೇಲೆ ಎಲ್ಲರಿಗೂ ಊಟ. ಹೆಸರು ಗೊತ್ತಾದವನನ್ನು ಕರೆದುಕೊಂಡೇ ಬನ್ನಿ.